ಗೇಟಿನ ಆಚೆಯ ಎರಡು ಕೂಗು

ಕೆಂಗೇರಿ
೮-೭-೧೯೮೪

ಪ್ರೀತಿಯ ತಮ್ಮ ರೇವಣಸಿದ್ದಯ್ಯನಿಗೆ ನಿನ್ನ ಅಕ್ಕ ಕಲ್ಯಾಣಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಆದರೇನು, ಮೂಗಿನ ತುದಿಯ ಸಿಟ್ಟು ನಿನಗೆ ಹುಟ್ಟಿನಿಂದ ಬಂದದ್ದು. ಕಮಲಾಕ್ಷಮ್ಮ, ಮಕ್ಕಳು ಚೆನ್ನಾಗಿದ್ದಾರೆ ತಾನೆ? ಹೊಸ ಬಸ್ಸಿಗೆ ನಮ್ಮಪ್ಪನ ಹೆಸರಿಟ್ಟಿದ್ದೀಯೆಂದು ಓದಿ ಕಣ್ಣು ತುಂಬಿ ಬಂತು.

ನಿಮ್ಮ ಭಾವ ಹೋಗಿ ವರ್ಷವಾಗುತ್ತ ಬಂತು, ಮಕ್ಕಳಿಲ್ಲ ಮರಿಯಿಲ್ಲ, ಬಾಡಿಗೆ ಮನೆ ಬಿಟ್ಟು ದಾವಣಗೆರೆಗೆ ಬಂದುಬಿಡು ಎಂದು ಬರೆದಿದ್ದೀಯ. ಅಷ್ಟಕ್ಕೇ ಸುಮ್ಮನಿದ್ದೀಯಾ? ಸರ್ಕಾರದ ರೈಲು ನಂಬಬೇಡ, ನನ್ನ ಬಸ್ಸಿನಲ್ಲಿ ಮುಂದಿನ ಸೀಟು ಇಡಿಸುತ್ತೇನೆ ಅಂತ ಬೇರೆ. ನಗು ಬಂತು. ಜಗಲಿಯ ಮೇಲೆ ನೀನೂ ನಿಮ್ಮ ಭಾವನೂ ಜಗಳಕ್ಕೆ ಕೂತಂತೆಯೇ ಆಯಿತು. ರೈಲಿಗೆ ಮಾಲೀಕನಿಲ್ಲ, ಹೇಳುವವರು ಕೇಳುವವರು ಇಲ್ಲ, ಖಾಸಗಿಯವರಿಗೆ ಕೊಟ್ಟರೆ ವರ್ಷದಲ್ಲಿ ನೆಟ್ಟಗಾಗುತ್ತೆ ಎಂದು ನೀನು. ಮಾಲೀಕ ಬಂದರೆ ಲಾಭವಿಲ್ಲದ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತದೆಯೇ, ಸೊಪ್ಪು ಮಾರುವ ನಮ್ಮ ಬೋರಮ್ಮ ಬುಟ್ಟಿ ಹೊತ್ತು ಎಲ್ಲಿ ಹತ್ತಬೇಕು ಎಂದು ಅವರು. ಕಾಫಿ ಆರಿ ತಣ್ಣಗಾಗುತ್ತಿತ್ತು.

ಅವರ ಇಂಜಿನ್ನಿನ ಕೂಗಿನ ವಿಷಯಕ್ಕೂ ನೀನು ಜಗಳವಾಡಿದ್ದೆ, ನೆನಪಿದೆಯಾ? ಸಂಜೆಯ ಮೈಸೂರು ಪ್ಯಾಸೆಂಜರನ್ನು ಬೆಂಗಳೂರಿಗೆ ಒಯ್ಯುವಾಗ ಅವರು ರೈಲ್ವೆ ಗೇಟಿಗೆಂದು ಒಂದು ಉದ್ದ ಕೂಗು ಹಾಕಿ, ಮನೆ ಹಿಂದೆ ಬಂದಾಗ ಇನ್ನೆರಡು ಗಿಡ್ಡ ಕೂಗು ಹಾಕುತ್ತಿದ್ದರು. ಅದು ನನಗೆ. ಆಗ ನಾನು ಬೇಳೆ ಒಲೆಗಿಡುತ್ತಿದ್ದೆ. ಸಿಟಿ ಸ್ಟೇಷನ್ನಿನಲ್ಲಿ ಇಂಜಿನ್ ಒಪ್ಪಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ಬಿಸಿ ಸಾರು.

"ನನ್ನ ಡ್ರೈವರ್ ಯಾವನಾದ್ರೂ ಹೆಂಡ್ತಿಗೋಸ್ಕರ ಹಾರ್ನ್ ಹೊಡೆದ್ರೆ ಅವತ್ತೇ ಮನೆಗೆ ಕಳಿಸ್ತೀನಿ ಭಾವ," ಅಂದೆ ನೀನು.

"ಅದಕ್ಕೇ ಕಣಯ್ಯ ನಾನು ನಿನ್ ಹತ್ರ ಕೆಲಸಕ್ಕಿಲ್ಲ," ಅಂದರು.

ಅವರ ಕೈಕೆಳಗೆ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ ಮುನಿವೆಂಕಟಪ್ಪನೇ ಈಗ ಆ ಗಾಡಿಯ ಡ್ರೈವರ್. ಕೂಗು ಹಾಕೆಂದು ನಾನು ಕೇಳಿರಲಿಲ್ಲ. ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದು, ಇಲ್ಲಿಂದ ಡ್ಯೂಟಿಗೆ ಹೋದವನು ಅದೇ ಎರಡು ಕೂಗು ಹಾಕಿದ. ಅಂದಿನಿಂದ ತಪ್ಪಿಸಿಲ್ಲ. ಈಗಲೂ ಕೂಗು ಕೇಳಿದ ಮೇಲೆಯೇ ನಾನು ಬೇಳೆ ಇಡುವುದು. ಯಾರೂ ಬರುವುದಿಲ್ಲವೆಂದು ಗೊತ್ತು, ನನಗೇನು ಅರಳುಮರಳಲ್ಲ. ಆದರೂ ಇಡೀ ದಿನದಲ್ಲಿ ನನ್ನನ್ನು ಮಾತಾಡಿಸುವುದು ಅದೊಂದೇ. ಅದನ್ನು ಬಿಟ್ಟು ಹೇಗೆ ಬರಲಿ? ಒತ್ತಾಯ ಮಾಡಬೇಡ ಕಣೋ.

ಬಸ್ಸನ್ನು ನಿಧಾನವಾಗಿ ಓಡಿಸಲು ಹೇಳು. ಮಕ್ಕಳ ಕೈಯಲ್ಲಿ ಅತ್ತೆಗೆ ನಾಲ್ಕು ಸಾಲು ಬರೆಸು. ಬಸವಣ್ಣ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಕ್ಕ,
ಕಲ್ಯಾಣಮ್ಮ

ತಾ.ಕ.: ಇದನ್ನು ಬರೆದು ಅಂಚೆಗೆ ಹಾಕದೆ ಇಟ್ಟುಬಿಟ್ಟಿದ್ದೆ. ಈ ವಾರ ಮುನಿವೆಂಕಟಪ್ಪನಿಗೆ ಅರಸೀಕೆರೆಗೆ ವರ್ಗವಾಯಿತು. ಹೋಗುವ ಮೊದಲು ಬಂದು, ಹೊಸ ಡ್ರೈವರಿಗೆ ಆ ಎರಡು ಕೂಗಿನ ವಿಷಯ ಹೇಳಲು ನಾಚಿಕೆಯಾಯ್ತು ಅಕ್ಕಾ ಎಂದು ತಲೆ ತಗ್ಗಿಸಿ ನಿಂತ. ಹೊಸಬನದು ತಪ್ಪಿಲ್ಲ, ಗೇಟಿನ ಉದ್ದ ಕೂಗನ್ನು ಸರಿಯಾಗಿಯೇ ಹಾಕುತ್ತಾನೆ. ಅದು ಊರಿಗೆಲ್ಲ. ನಾನು ಬೇಳೆಯ ಪಾತ್ರೆ ಹಿಡಿದು ನಿಂತೇ ಇರುತ್ತೇನೆ, ಗಾಡಿ ಹಾದುಹೋಗುತ್ತದೆ. ಒಲೆ ಹಚ್ಚಲು ಮನಸ್ಸೇ ಬರುತ್ತಿಲ್ಲ. ನಾಗರ ಪಂಚಮಿಗೆ ಮೊದಲೇ ಬಂದು ಕರೆದುಕೊಂಡು ಹೋಗು. ನಿನ್ನ ಬಸ್ಸಿನಲ್ಲೇ ಬರುತ್ತೇನೆ.