ಗುಡ್ಡ ಹತ್ತಿದ ಅಂಗಿಗಳು

ಅಮದಳ್ಳಿ,
ರವಿವಾರ, ೧೮ ಜನವರಿ ೨೦೨೬

ಪ್ರೀತಿಯ ಅನಘಾಳ ಅಪ್ಪನಿಗೆ,

ಹೇಗಿದ್ದೀರಿ? ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಹಡಗಿನ ಹೊಸ ಅಡುಗೆಯವನು ಉಪ್ಪು ಕಡಿಮೆ ಹಾಕುತ್ತಾನೆ ಎಂದು ಹೋದ ವಾರ ಫೋನಿನಲ್ಲಿ ದೂರಿದಿರಿ; ನಿಮಗೆ ಅದು ದೂರು, ನನಗೆ ಸಮಾಧಾನ. ಸಂಜೆ ಡೆಕ್ ಮೇಲೆ ನಡೆಯುವುದನ್ನು ಬಿಟ್ಟಿಲ್ಲ ಎಂದೂ ಹೇಳಿದಿರಿ. ನಂಬಿದ್ದೇನೆ. ನಾನೂ ಅನಘಾಳೂ ಆರೋಗ್ಯವಾಗಿದ್ದೇವೆ. ಅವಳು ಈಗ ನನಗಿಂತ ಎತ್ತರ. ಪಕ್ಕದಲ್ಲಿ ನಿಂತಾಗಲೆಲ್ಲ ನನ್ನ ನೆತ್ತಿಯ ಬಿಳಿ ಕೂದಲು ಎಣಿಸುವುದು ಅವಳ ಹೊಸ ಆಟ.

ವಾರವಾರ ಮಾತಾಡುವವಳು ಪತ್ರ ಏಕೆ ಬರೆದಳು ಎಂದು ಕವರ್ ಒಡೆಯುವಾಗಲೇ ನಿಮಗೆ ಅನ್ನಿಸಿರುತ್ತದೆ. ಅವರ್ಸಾ ಊರಿನ ಹುಡುಗ ಸಂದೇಶ ನಿಮ್ಮ ಹಡಗಿಗೇ ಸೇರಲು ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹಡಗಿನ ಮೇಲೆ ಕೊಡಬೇಡ, ಜೆಬೆಲ್ ಅಲಿ ಬಂದರಿನಲ್ಲಿ ಅವರನ್ನು ಧಕ್ಕೆಗೆ ಇಳಿಸಿಕೊಂಡು, ಕಾಲು ನೆಲಕ್ಕೆ ತಾಗಿದ ಮೇಲೆ ಕೊಡು ಎಂದು ಹೇಳಿದ್ದೇನೆ. ಆದ್ದರಿಂದ ಇದನ್ನು ಓದುತ್ತಿರುವಾಗ ನೀವು ನೆಲದ ಮೇಲಿದ್ದೀರಿ. ನಮ್ಮ ಮನೆಯಲ್ಲಿ ಇದರ ಅರ್ಥವೇನೆಂದು ನಿಮಗೆ ಗೊತ್ತು. ಎಲ್ಲಾದರೂ ಕುಳಿತುಕೊಂಡು ಮುಂದೆ ಓದಿ. ಮಾವ ಇದ್ದಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನೀವು ಫೋಟೋಗಳಲ್ಲಿ ನೋಡುತ್ತಿರುವ ಹಾಗಿಲ್ಲ.

ಗುಡ್ಡದಿಂದಲೇ ಶುರುಮಾಡುತ್ತೇನೆ. ಕಂಪನಿಯ ಮೆಡಿಕಲ್‌ನಲ್ಲಿ ಬಿಪಿ ಹೆಚ್ಚಾಯಿತೆಂದು ನಿಮ್ಮನ್ನು ವಾಪಸ್ ಕಳಿಸಿದ ವರ್ಷ ನಾನು ಕಾರವಾರಕ್ಕೆ ಹೋಗಿ ಜಿಮ್ ವಿಚಾರಿಸಿಕೊಂಡು ಬಂದಿದ್ದೆ. ಬಲೆ ಹೊಲಿಯುತ್ತಿದ್ದ ಮಾವ ತಲೆಯನ್ನೂ ಎತ್ತದೆ, "ಜಿಮ್ಮು ಎಂತಕೆ? ಮನೆ ಹಿಂದೆ ಗುಡ್ಡ ಅದೆ ಅಲಾ. ಅದ್ಕೆ ಬಾಗ್ಲೂ ಇಲ್ಲ, ಬೀಗ್ವೂ ಇಲ್ಲ" ಎಂದರು. ಮರು ರವಿವಾರವೇ ನಾವು ನಾಲ್ವರೂ ಹೊರಟೆವು. ಮುಳ್ಳು ಸವರಲು ಕತ್ತಿ ಹಿಡಿದು ಅವರು ಮುಂದೆ, ಅವರ ಹಿಂದೆ ಅನಘಾ, ಆಮೇಲೆ ಹೊಟ್ಟೆ ಹೊತ್ತುಕೊಂಡು ನೀವು, ಕೊನೆಯಲ್ಲಿ ನಾನು. ನನ್ನ ಏದುಸಿರು ಕೇಳಿದಾಗಲೆಲ್ಲ ಮಾವ "ಪೇಟೆ ಕಾಲು, ಡಾಂಬರ್ ಕೇಳ್ತದೆ" ಎಂದು ಕಾಡುತ್ತಿದ್ದರು. ಮೇಲೆ ಹಾಸುಗಲ್ಲಿನ ಮೇಲೆ ಕುಳಿತು ತಿಂದ ಅವಲಕ್ಕಿಯ ರುಚಿ ಮನೆಯ ಅವಲಕ್ಕಿಗೆ ಯಾವತ್ತೂ ಬಂದಿಲ್ಲ. ನಿಮ್ಮ ಹೊಟ್ಟೆ ಇಳಿಯಿತು, ಬಿಪಿ ಹತೋಟಿಗೆ ಬಂತು, ಮೆಡಿಕಲ್ ಪಾಸಾಯಿತು. ಗುಡ್ಡ ಹತ್ತುವುದು ಮಾತ್ರ ನಿಲ್ಲಲಿಲ್ಲ. ಅದು ನಿಮ್ಮ ಬಿಪಿಗಾಗಿ ಎಂದು ನಾವು ತಿಳಿದಿದ್ದೆವು. ಮಾವನಿಗೆ ಬೇರೆ ಕಾರಣವೂ ಇತ್ತೇನೋ. ಆ ಹಾಸುಗಲ್ಲಿನಿಂದ ಚೆಂಡಿಯಾ ಊರಿನ ಹಳೆಯ ದಂಡೆ ಕಾಣುತ್ತದಲ್ಲ, ನೇವಿಯವರು ಊರು ಬಿಡಿಸಿ ಕಟ್ಟಿದ ಗೋಡೆಯ ಆಚೆ. "ಅಲ್ಲಿ ನಮ್ಮ ಮನೆ ಇತ್ತು" ಎಂದು ಅನಘಾಳಿಗೆ ಒಮ್ಮೆ ಗಲ್ಲದಿಂದ ತೋರಿಸಿದ್ದರು, ಬೆರಳು ಮಾಡಿದರೆ ಯಾರಾದರೂ ಬೈದಾರು ಎಂಬಂತೆ. ಆ ಕಡೆ ಕ್ಯಾಮೆರಾ ತಿರುಗಿಸಬಾರದು ಎಂಬುದೂ ಅವರದೇ ಕಟ್ಟಪ್ಪಣೆ. ಹಾಗಾಗಿ ಫೋಟೋಗೆ ಯಾವಾಗಲೂ ಸಮುದ್ರಕ್ಕೆ ಮುಖಮಾಡಿ ನಿಲ್ಲುತ್ತಿದ್ದರು. ಅವರ ಹಿಂದೆ ಬರೀ ಹುಲ್ಲು, ಆಕಾಶ.

ಚೌತಿ ಮುಗಿಸಿ ನೀವು ಹಡಗು ಹತ್ತಿದ ಮೇಲೆ ಮಾವ ಗುಡ್ಡದ ದಾರಿಯ ನಡುವೆಯೇ ನಿಲ್ಲತೊಡಗಿದರು. ಮುರುಗಲ ಮರದ ಹತ್ತಿರ ಕುಳಿತು, "ನೀವು ನಡೀರಿ, ನಾ ಬೋಟ್ ನೋಡ್ಕಂಡಿ ಬತ್ತೆ" ಎನ್ನುತ್ತಿದ್ದರು. ಆ ಮರದಡಿಯಿಂದ ಸಮುದ್ರವೇ ಕಾಣುವುದಿಲ್ಲ. ನವೆಂಬರಿನಲ್ಲಿ ಪಾದ ಊದಿದಾಗ ಕಾರವಾರಕ್ಕೆ ಕರೆದುಕೊಂಡು ಹೋದೆ. ಹೃದಯ ಬಹಳ ಸೋತಿದೆ, ಈ ವಯಸ್ಸಿಗೆ ಆಪರೇಶನ್ ತಡೆಯಲಾರರು, ಇನ್ನು ಗುಡ್ಡ ಗಿಡ್ಡ ಬೇಡ ಎಂದರು ಡಾಕ್ಟರು. ಮಾವ ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. ಮರು ರವಿವಾರ ನಾನು ಏಳುವಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಬೇಡವೆಂದೆ. ಇದೊಂದು ಸಲ ಎಂದರು. ಚೀಲವನ್ನಾದರೂ ಕೊಡಿ ಎಂದರೆ ಕೊಡಲಿಲ್ಲ.

ಹತ್ತಿದ್ದಕ್ಕಿಂತ ಕುಳಿತದ್ದೇ ಹೆಚ್ಚು. ಮೇಲೆ ತಲುಪಿದಾಗ ಅವರ ತುಟಿ ನೇರಳೆಯಾಗಿತ್ತು. ಬಹಳ ಹೊತ್ತು ದಂಡೆಯ ಕಡೆ ನೋಡುತ್ತ ಕುಳಿತರು. ಆಮೇಲೆ ಚೀಲ ಬಿಚ್ಚಿದರು. ಒಳಗೆ ಅಂಗಿಗಳು. ನೀವು ಸಿಂಗಾಪುರದಿಂದ ತಂದ ಚೌಕಳಿಯದು, ದೀಪಾವಳಿಯ ನೀಲಿ, ವೀಣಾಳ ಮದುವೆಯಲ್ಲಿ ತೊಟ್ಟ ಹಸಿರು, ಇನ್ನೂ ಏನೇನೋ. ಒಂದೊಂದನ್ನೇ ಪೊದೆಯ ಮರೆಯಲ್ಲಿ ಬದಲಿಸಿಕೊಂಡು ಬಂದು ನಿಂತರು, ಅನಘಾ ಫೋಟೋ ತೆಗೆದಳು. ಅಜ್ಜ ಫ್ಯಾಶನ್ ಶೋ ಮಾಡುತ್ತಿದ್ದಾನೆ ಎಂದು ಮೊದಮೊದಲು ನಗುತ್ತಿದ್ದಳು, ಅವರೂ ನಗುತ್ತಿದ್ದರು. ಆಮೇಲೆ, "ಈ ಅಂಗೀಲಿ ನಗೂದಿಲ್ಲ. ಎಲ್ಲದ್ರಲ್ಲೂ ನಕ್ರೆ ನಿನ್ನಪ್ಪಂಗೆ ಸಂಶಯ ಬತ್ತದೆ" ಎಂದಾಗ ಅವಳ ನಗು ನಿಂತಿತು. ವಾರಕ್ಕೊಂದರಂತೆ ಕಳಿಸಬೇಕೆಂದು ಅವಳಿಗೆ ಹೇಳಿದರು. ನನ್ನ ಕಡೆ ತಿರುಗಿ, "ನೀರ ಮೇಲಿದ್ದವಂಗೆ ಮನೆ ಅಳು ಕೇಳ್ಸೂಕಾಗ, ತಂಗೀ. ಅಂವ ಬರ್ಲಿ. ಕಾಲು ತೊಳ್ದು, ಉಂಡು, ಕೂರ್ಲಿ. ಆಮೇಲೆ ಹೇಳು" ಎಂದರು.

ಇಳಿಯುವಾಗ ಅವರ ಕೈ ನನ್ನ ಹೆಗಲ ಮೇಲಿತ್ತು. ಎಷ್ಟು ಹಗುರವಾಗಿತ್ತೆಂದರೆ ಅವರು ಆತುಕೊಂಡಿದ್ದಾರೋ, ಸುಮ್ಮನೆ ನನ್ನನ್ನು ಸಮಾಧಾನ ಮಾಡುತ್ತಿದ್ದಾರೋ ತಿಳಿಯಲಿಲ್ಲ.

ಅಂದಿನಿಂದ ನಿಮಗೆ ಬಂದ ಫೋಟೋಗಳೆಲ್ಲ ಆ ಒಂದೇ ಬೆಳಗಿನವು. ನೀವು "ಅಪ್ಪ ನನಗಿಂತ ಫಿಟ್" ಎಂದು ಬರೆದಿರಿ, ಅನಘಾ ಅದನ್ನು ಅವರಿಗೆ ಓದಿ ಹೇಳಿದಳು, ಅವರು ದಿನವಿಡೀ ಖುಷಿಯಲ್ಲಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಇದು ಸರಿಯೇ ಎಂದು ಕೇಳಿಕೊಳ್ಳುತ್ತಿದ್ದೆ. ಗುಡ್ಡದ ಹುಲ್ಲು ಈಗ ಒಣಗಿ ಕೆಂಪಾಗಿದೆ. ಫೋಟೋದಲ್ಲಿ ಅವರ ಹಿಂದಿನ ಹುಲ್ಲು ಸಂಕ್ರಾಂತಿಗೂ ಹಸಿರಾಗಿತ್ತು. ನೀವು ಗಮನಿಸಲಿಲ್ಲವೇ? ಈ ಗುಡ್ಡದ ಕಾಲಕಾಲದ ಬಣ್ಣ ಗೊತ್ತಿರುವವರು ನೀವು. ಅಥವಾ ನೋಡಿಯೂ ಸುಮ್ಮನಿದ್ದಿರೋ, ನಮ್ಮ ಸುಳ್ಳು ನಮಗೆ ಭಾರವಾಗಬಾರದೆಂದು? ನಿಮ್ಮ ಮನೆತನದವರು ಹಾಗೂ ಮಾಡುವವರೇ.

ಈಗ ಅವರಿಗೆ ಮಲಗಿದರೆ ಉಸಿರಾಡಲಾಗುವುದಿಲ್ಲ. ದಿಂಬುಗಳಿಗೆ ಒರಗಿ ಕುಳಿತೇ ಇರುತ್ತಾರೆ. ಊಟ ಎರಡು ತುತ್ತು ಗಂಜಿ. ಆದರೂ ರವಿವಾರ ಬಂದರೆ ನಮ್ಮಿಬ್ಬರನ್ನೂ ಗುಡ್ಡಕ್ಕೆ ಅಟ್ಟುತ್ತಾರೆ, ನೀವು ಬಂದಾಗ ಸೋಮಾರಿಗಳಾಗಿ ಸಿಕ್ಕಬಾರದಂತೆ. ಪಕ್ಕದ ಮನೆಯ ಕಲಾವತಿ ಬಂದು ಅವರ ಹತ್ತಿರ ಕೂರುತ್ತಾಳೆ, ನಾವು ಹೋಗಿ ಬರುತ್ತೇವೆ. ಬಂದ ಕೂಡಲೇ ಅವರು ಕೇಳುವುದು ಒಂದೇ: "ದಂಡೆ ಹಾಂಗೇ ಅದ್ಯಾ?" ಹಾಗೆಯೇ ಇದೆ ಅಜ್ಜಾ ಎನ್ನುತ್ತಾಳೆ ಅನಘಾ. ಕಣ್ಣು ಮುಚ್ಚುತ್ತಾರೆ. ಮೊನ್ನೆ ಡಾಕ್ಟರು ನನ್ನನ್ನು ಹೊರಗೆ ಕರೆದು, ದೂರದಲ್ಲಿರುವವರಿಗೆ ತಿಳಿಸುವುದಿದ್ದರೆ ತಡಮಾಡಬೇಡಿ ಎಂದರು.

ಅತ್ತೆ ಹೋದಾಗಲೂ ನೀವು ನೀರಿನ ಮೇಲಿದ್ದಿರಿ. ಅನಘಾ ಆಗ ತೊಟ್ಟಿಲಲ್ಲಿದ್ದಳು. ನೀವು ಬಂದಿರಿ, ಕಾಲು ತೊಳೆದಿರಿ, ನಾನು ಬಡಿಸಿದೆ. ಅವ್ವಿ ಎಲ್ಲಿ ಎಂದು ನೀವು ಕೇಳಿದ್ದಕ್ಕೆ ಮಾವ ಉತ್ತರಿಸುವ ಮೊದಲೇ ನಿಮ್ಮ ಕಣ್ಣು ಗೋಡೆಯ ಮೇಲಿನ ಮಾಲೆ ಹಾಕಿದ ಫೋಟೋಗೆ ಹೋಗಿತ್ತು. ನೀವು ಯಾರನ್ನೂ ಬೈಯಲಿಲ್ಲ. ಕಲಸಿದ ಅನ್ನ ನಿಮ್ಮ ಕೈಯಲ್ಲಿ ಒಣಗುವವರೆಗೂ ಕುಳಿತಿದ್ದಿರಿ. ಆ ದಿನದ ಬಗ್ಗೆ ನಾವು ಇವತ್ತಿನವರೆಗೂ ಮಾತಾಡಿಲ್ಲ. ಮಾವನ ಮಾತು ಮೀರುವ ಹಕ್ಕು ನನಗಿದೆಯೇ? ಗೊತ್ತಿಲ್ಲ. ಅರ್ಧ ಮೀರಿದ್ದೇನೆ, ನೆಲದ ಮೇಲೆ ಹೇಳುತ್ತಿದ್ದೇನೆ. ನಿಮ್ಮ ಕಾಂಟ್ರಾಕ್ಟ್ ಎಪ್ರಿಲ್‌ವರೆಗೆ ಇದೆ, ನಡುವೆ ಬಿಟ್ಟು ಬರುವುದು ಸುಲಭವಲ್ಲ ಎಂದೂ ಬಲ್ಲೆ. ಬನ್ನಿ ಎಂದು ನಾನು ಹೇಳುವುದಿಲ್ಲ. ನಿರ್ಧಾರ ನಿಮ್ಮದು.

ಮಾತ್ರೆ ತಪ್ಪಿಸಬೇಡಿ. ಅನಘಾಳ ನಮಸ್ಕಾರ. ಮಾವನ ಆಶೀರ್ವಾದ ಯಾವಾಗಲೂ ಇದೆ, ಈ ಪತ್ರದ ವಿಷಯ ಅವರಿಗೆ ಗೊತ್ತಿಲ್ಲದಿದ್ದರೂ.

ನಿಮ್ಮ,
ವೈಜಯಂತಿ

ತಾ.ಕ.: ಸಂದೇಶ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತಿನ ಫೋಟೋ ಕಳಿಸಿದೆಯಾ ಎಂದು ಈಗ ಕೇಳಿದ್ದಕ್ಕೆ ಅನಘಾ ಅತ್ತುಬಿಟ್ಟಳು. ಒಂದೇ ಉಳಿದಿದೆಯಂತೆ, ಬಿಳಿ ಅಂಗಿಯದು. "ಇದು ನಿನ್ನಪ್ಪಂಗೆ ಕಳ್ಸೂಕಲ್ಲ, ಗೋಡೆಗೆ" ಎಂದು ಅಜ್ಜ ಅಂದೇ ಗುಡ್ಡದ ಮೇಲೆ ಅವಳ ಕಿವಿಯಲ್ಲಿ ಹೇಳಿದ್ದರಂತೆ. ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಾಳೆ. ಬನ್ನಿ ಎಂದು ಹೇಳುವುದಿಲ್ಲ ಅಂತ ಮೇಲೆ ಬರೆದದ್ದನ್ನು ಮರೆತುಬಿಡಿ. ನಿಮ್ಮ ಜಾಗದಲ್ಲಿ ನಿಲ್ಲಲು ಸಂದೇಶ ಒಪ್ಪಿದ್ದಾನೆ, ಕಂಪನಿಗೂ ಫೋನ್ ಮಾಡಿದ್ದಾನೆ. ಬನ್ನಿ. ಕಾಲು ತೊಳೆಯುವುದು, ಉಣ್ಣುವುದು ಎಲ್ಲ ಆಮೇಲೆ. ಗೋಡೆ ಇನ್ನೂ ಖಾಲಿ ಇರುವಾಗಲೇ ನೇರವಾಗಿ ಅವರ ಕೋಣೆಗೆ ಬನ್ನಿ.