ಗಿನಿ ಪಿಗ್‌ನ ಬೆನ್ನಿನ ಗಂಟು

ಮಗನೇ,

ನಿನ್ನ ತಾಯಿಯ ಸಮಾಧಿಗೆ ಹೋಗಿ ಮಧ್ಯಾಹ್ನ ಬರುತ್ತೇನೆ. ಅವಳ ಗಿನಿ ಪಿಗ್ ಅಡುಗೆಮನೆಯ ಮೂಲೆಯಲ್ಲಿ, ಒಗೆದ ಬಟ್ಟೆಯ ಮೇಲೆ ಮಲಗಿದೆ. ಕೆಳಗೆ ಹಾಸಿದ್ದ ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆಂದು ತೆಗೆದುಹಾಕಿದ್ದೇನೆ.

ಬೆನ್ನಿನ ಗಂಟನ್ನು ಮತ್ತೆ ಹಿಂಡಬೇಡ. ನೀನು "ಮೊಡವೆ ಅಪ್ಪಾ, ಒಂದ್ಸಲ ಹಿಂಡಿದ್ರೆ ಮುಗೀತು" ಎಂದೆ. ಮುಗಿಯಲಿಲ್ಲ, ಕೆಂಪಗೆ ಊದಿದೆ. ನಿನ್ನೆ ಪಶುವೈದ್ಯೆ ಸೂಜಿಯಿಂದ ಒಳಗಿನದನ್ನು ಸ್ವಲ್ಪ ತೆಗೆದು ನೋಡಿ, "ಕೊಬ್ಬಿನ ಗಂಟು, ಕ್ಯಾನ್ಸರ್ ಅಲ್ಲ. ಆದ್ರೆ ಇದನ್ನ ಹಿಂಡಿದ ಡಾಕ್ಟರು ಯಾರು?" ಎಂದು ಕೇಳಿದರು.

ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಒರೆಸು. ನಮ್ಮ ಮುಲಾಮು ಹಚ್ಚಬೇಡ, ನೆಕ್ಕಿಬಿಡುತ್ತದೆ. ಕೀವು ಬಂದರೆ, ಇಲ್ಲವೇ ಹುಲ್ಲು ಮುಟ್ಟದಿದ್ದರೆ, ನನಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಿ. ಊತ ಇಳಿದ ಮೇಲೆ ಗಂಟನ್ನು ಕೊಯ್ದು ತೆಗೆಯುತ್ತಾರಂತೆ.

ಇಷ್ಟು ದೊಡ್ಡದಾಗುವವರೆಗೆ ಯಾರೂ ನೋಡಲಿಲ್ಲವೇ ಎಂದೂ ವೈದ್ಯೆ ಕೇಳಿದರು. ನಿನ್ನ ತಾಯಿ ಪ್ರಾರ್ಥನೆಗೆ ಕೂತಾಗಲೆಲ್ಲ ಇದನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ಸವರುತ್ತಿದ್ದಳು. ಅವಳು ಹೋದ ಮೇಲೆ ನಾವು ಹುಲ್ಲು ನೀರು ಇಟ್ಟೆವು, ಅಷ್ಟೇ.

ಒರೆಸಿದ ಮೇಲೆ ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೋ. ಪ್ರಾರ್ಥನೆ ಮಾಡಲು ಮನಸ್ಸಾಗದಿದ್ದರೆ ಸುಮ್ಮನೆ ಕೂತರೂ ಸಾಕು.

ಅಪ್ಪ