ನಾಲ್ಕನೇ ನಂಬರ್ ಮಂಚ

ರಾವಂದೂರು,
ಭಾನುವಾರ, 17-11-2024

ನಮ್ಮ ಮನೆಯ ಸುಧಾಳಿಗೆ, ನಿನ್ನ ಅತ್ತೆ ಭಾಗ್ಯಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹೊಟ್ಟೆಗೆ ಏನಾದರೂ ತಿನ್ನುತ್ತಿದ್ದೀಯಾ? ನಿಮ್ಮಮ್ಮನ ಮಂಡಿನೋವು ಹೇಗಿದೆ? ಮಿರ್ಲೆ ಕಡೆ ಭತ್ತದ ಕುಯ್ಲು ಶುರುವಾಗಿರಬೇಕು, ಆಳು ಸಿಗಲಿಲ್ಲವೆಂದು ನಿಮ್ಮಪ್ಪ ಕೂಗಾಡುತ್ತಿರಬೇಕು. ನಾವಿಲ್ಲಿ ಕ್ಷೇಮ. ನೀನು ಫೋನ್ ಆಫ್ ಮಾಡಿ ಕೂತಿದ್ದೀಯ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನವಳ ಬರವಣಿಗೆ ನೋಡಿ ನಗಬೇಡ. ನಗು ಬಂದರೆ ನಗು, ಅದೂ ಒಳ್ಳೆಯದೇ. ವಸಂತನ ಕೈಲಿ ಕಳಿಸುತ್ತಿದ್ದೇನೆ. ನಿನ್ನ ಗಂಡನಿಗೆ ನಾಲ್ಕು ಮಾತು ಜೋಡಿಸಿ ಆಡಲು ಬರುವುದಿಲ್ಲ, ನಿನಗೇ ಗೊತ್ತು. ನಿಮ್ಮ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು ವಾಪಸ್ ಬಂದಾನು, ಕರೆದು ಕೂರಿಸಿಕೋ. ಊರವರು ನಾನೇ ನಿನ್ನನ್ನು ಓಡಿಸಿದೆ ಎನ್ನುತ್ತಿದ್ದಾರೆ. ಶಾಲೆಯ ಬಿಸಿಯೂಟಕ್ಕೆ ಅಕ್ಕಿ ಆರಿಸುವಾಗ ಜೊತೆಯವಳು ದಿನಾ ಕೇಳುತ್ತಾಳೆ, 'ಸೊಸೆ ಯಾವಾಗ ಬತ್ತಳೆ ಕಣಕ್ಕ?' ಎಂದು. ಅನ್ನಲಿ ಬಿಡು. ಅವರ ಮಾತಿನಲ್ಲಿ ಒಂದು ಪಾಲು ನಿಜವಿದೆ, ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆಯಲು ಕೈ ಓಡುತ್ತಿಲ್ಲ.

ಮೊನ್ನೆ ಶುಕ್ರವಾರ ನಿಮ್ಮ ನರ್ಸಿಂಗ್ ಹೋಮಿನ ದೊಡ್ಡ ಸಿಸ್ಟರ್ ಪ್ರಮೀಳಾ ಪಿರಿಯಾಪಟ್ಟಣದಿಂದ ಬಸ್ಸು ಹಿಡಿದು ಮನೆಗೇ ಬಂದಿದ್ದರು. ಆ ದಿನ ಆಗಿದ್ದನ್ನು ನಿನ್ನ ಬಾಯಿಂದ ಅರ್ಧಂಬರ್ಧ ಕೇಳಿದ್ದೆ, ಅವರು ಪೂರ್ತಿ ಹೇಳಿದರು. ಆ ಅಜ್ಜಿ ಚೆಲುವಮ್ಮನ ಮಂಚದ ತಲೆಭಾಗ ಉತ್ತರದ ಗೋಡೆಗಿತ್ತಂತೆ. ಉತ್ತರಕ್ಕೆ ತಲೆಯಿಟ್ಟು ಮಲಗಿದರೆ ತಾಯಿ ಎದ್ದು ಮನೆಗೆ ಬರುವುದಿಲ್ಲವೆಂದು ಮಗ ಗೋವಿಂದಯ್ಯ ಹೆದರಿಬಿಟ್ಟ. ಎದುರು ಸಾಲಿನ ನಾಲ್ಕನೇ ನಂಬರ್ ಮಂಚದ ಲಕ್ಷ್ಮಿದೇವಿಯನ್ನು ಕೇಳಿಕೊಂಡು ಇಬ್ಬರ ಜಾಗವನ್ನೂ ಅದಲುಬದಲು ಮಾಡಿದ. ಹೇಳಿದರೆ ಬೈಯುತ್ತೀರೆಂದು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಡ್ಯೂಟಿಗೆ ಬಂದ ನೀನು, ಚೀಟಿಯಲ್ಲಿದ್ದ ಹಾಗೆ ನಾಲ್ಕನೇ ನಂಬರಿಗೆ ಹೋಗಿ 'ಲಕ್ಷ್ಮಿದೇವಿ ಅಲ್ವಾ?' ಎಂದೆ. ಚೆಲುವಮ್ಮನಿಗೆ ಕಿವಿ ಮಂದ. ಸಿಸ್ಟರ್ ಏನು ಕೇಳಿದರೂ ಹೂಂ ಅನ್ನಬೇಕೆಂದು ಹೂಂ ಅಂದರು. ಆಕೆಯ ಮೈಗೆ ಆಗದ ಇಂಜೆಕ್ಷನ್ ಅದು. ಎರಡು ನಿಮಿಷಕ್ಕೆ ಮುಖ ಊದಿ ಉಸಿರು ಸಿಕ್ಕಿಕೊಂಡಿತು.

ಗೋವಿಂದಯ್ಯನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಸುಧಾ. ಮದುವೆಯಾದ ಹೊಸದರಲ್ಲಿ ನೀನು ಕೋಣೆಯ ಮಂಚ ತಿರುಗಿಸಿ ಹಾಕಿದಾಗ ಎಷ್ಟು ರೇಗಾಡಿದ್ದೆ, ನೆನಪಿದೆಯಾ? ನಮ್ಮಂಥವರೇ ತುಂಬಿರುವ ಕಡೆ ಮಂಚದ ನಂಬರ್ ನಂಬಿಕೊಂಡು ಔಷಧಿ ಕೊಡುವ ಪದ್ಧತಿ ಮಾಡಿದವಳು ನೀನಲ್ಲ. ತಪ್ಪು ನಿನ್ನ ಕೈಯಿಂದ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಿನ್ನ ಕೈ ಒಂದರಿಂದಲೇ ಆಗಲಿಲ್ಲ. ಡಾಕ್ಟರು, ಸಿಸ್ಟರುಗಳು, ಆಯಾಗಳು ಎಲ್ಲರೂ ಒಟ್ಟಿಗೆ ಕೂತು ಇದನ್ನೇ ಮಾತಾಡಿದರಂತೆ. ಈಗ ರೋಗಿಯ ಕೈಗೇ ಹೆಸರಿನ ಪಟ್ಟಿ ಕಟ್ಟುತ್ತಾರೆ. ಹೆಸರು, ಊರು ಎರಡನ್ನೂ ಅವರ ಬಾಯಿಂದಲೇ ಹೇಳಿಸುತ್ತಾರೆ, ಕಿವಿ ಕೇಳದಿದ್ದರೆ ಜೊತೆಗಿರುವವರನ್ನು ಕೇಳುತ್ತಾರೆ.

ಪ್ರಮೀಳಾ ಕಾಫಿ ಲೋಟ ಹಿಡಿದುಕೊಂಡೇ ಅತ್ತರು ಕಣೆ. ಅವತ್ತು ನಾವೆಲ್ಲ ರೋಗಿಯ ಹಿಂದೆ ಓಡಿದೆವು, ಸುಧಾಳ ಪಕ್ಕ ಒಬ್ಬರೂ ಕೂರಲಿಲ್ಲ, ಡ್ರೆಸ್ಸಿಂಗ್ ರೂಮಿನಲ್ಲಿ ಸಂಜೆವರೆಗೆ ಒಬ್ಬಳೇ ಗೋಡೆ ನೋಡಿಕೊಂಡು ಕೂತಿದ್ದಳು ಎಂದರು. ನೀನು ವಸಂತನ ಕೈಲಿ ಕಳಿಸಿದ ರಾಜೀನಾಮೆ ಅವರ ಬ್ಯಾಗಿನಲ್ಲೇ ಇದೆ, ಮೇಲಿನವರಿಗೆ ಕೊಟ್ಟಿಲ್ಲ. ಬುಧವಾರದವರೆಗೆ ಹೇಗಾದರೂ ಇಟ್ಟುಕೊಳ್ಳುತ್ತಾರಂತೆ. ಬಂದರೆ ಮೊದಲ ತಿಂಗಳು ನಿನ್ನನ್ನು ಒಬ್ಬಳನ್ನೇ ಬಿಡುವುದಿಲ್ಲ, ಪ್ರತಿ ಇಂಜೆಕ್ಷನ್‌ಗೂ ಪಕ್ಕದಲ್ಲಿ ನಿಲ್ಲುತ್ತಾರೆ. ಮೈಸೂರಿನಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ, ಅಲ್ಲಿಗೂ ತಾವೇ ಕರೆದುಕೊಂಡು ಹೋಗುತ್ತಾರಂತೆ. ಹುಚ್ಚು ಹಿಡಿದವರಿಗೆ ಮಾತ್ರ ಅಂದುಕೊಂಡಿದ್ದೆ ನಾನು. ನಿದ್ದೆ ಬಾರದವರಿಗೂ, ಕೈ ನಡುಗುವವರಿಗೂ ಅವರು ಬೇಕಂತೆ. ನೀನು ಹೊರಟ ಬೆಳಿಗ್ಗೆ ನಿನ್ನ ಕೈಯಿಂದ ನೀರಿನ ಚೊಂಬು ಜಾರಿದ್ದು ನನ್ನ ಕಣ್ಣು ಬಿಟ್ಟು ಹೋಗಿಲ್ಲ. ಕೆಲಸ ಬಿಡಲೇಬೇಕು ಅನ್ನಿಸಿದರೆ ಬಿಡು, ಆದರೆ ಹೀಗೆ ಕತ್ತಲೆ ಕೋಣೆಯಲ್ಲಿ ಕೂತು ಬಿಡಬೇಡ.

ಅವರೆಕಾಯಿ ಕಳಿಸಿದ್ದೇನೆ, ಸೊಗಡು ಚೆನ್ನಾಗಿದೆ. ಬೀಗರಿಬ್ಬರಿಗೂ ನನ್ನ ನಮಸ್ಕಾರ ಹೇಳು. ನಿನಗೆ ಕಣ್ತುಂಬ ನಿದ್ದೆ ಬರಲಿ, ಬಾಯಿಗೆ ರುಚಿ ಬರಲಿ.

ಇಂತಿ ನಿನ್ನ ಅತ್ತೆ,
ಭಾಗ್ಯಮ್ಮ

ವಿ.ಸೂ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾಚಿಕೆಯಾಗಿ ಇಲ್ಲಿವರೆಗೆ ತಳ್ಳಿಕೊಂಡು ಬಂದೆ. ಆ ಸಂಜೆ ನೀನು ಬಾಗಿಲಲ್ಲೇ ಕೂತು, 'ತಪ್ಪು ಇಂಜೆಕ್ಷನ್ ಕೊಟ್ಟೆ ಅಂತ ನಾನೇ ಓಡಿಹೋಗಿ ಡಾಕ್ಟರಿಗೆ ಹೇಳಿದೆ' ಎಂದಾಗ ನಾನೇನಂದೆ? 'ಬಾಯ್ ಮುಚ್ಕೊಂಡಿದ್ರೆ ಯಾರ್ಗೆ ಗೊತ್ತಾಯ್ತಿತ್ತು? ವಯಸ್ಸಾದೋರು, ಏನೋ ಆಯ್ತು ಅಂತಿದ್ರು' ಅಂದೆ. ನೀನು ನನ್ನ ಮುಖ ನೋಡಿದೆ, ಬೆಳಿಗ್ಗೆ ಎದ್ದು ಬಸ್ಸು ಹತ್ತಿದೆ. ನೀನು ಆ ಗಳಿಗೆಯಲ್ಲೇ ಯಾವ ಇಂಜೆಕ್ಷನ್ ಎಂದು ಹೇಳಿದ್ದಕ್ಕೇ ಡಾಕ್ಟರಿಗೆ ಸರಿಯಾದ ಮದ್ದು ಕೊಡಲು ಆಯಿತಂತೆ. ಐದು ನಿಮಿಷ ತಡವಾಗಿದ್ದರೆ, ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಲು ಜೀವವೇ ಇರುತ್ತಿರಲಿಲ್ಲ ಎಂದರು ಪ್ರಮೀಳಾ. ಇವತ್ತಿಗೆ ಹನ್ನೊಂದನೇ ದಿನ. ನನ್ನ ಮಾತಿನ ಹಾಗೆ ನಡೆದಿದ್ದರೆ ಇವತ್ತು ಆ ಮನೆಯಲ್ಲಿ ತಿಥಿ. ಅದು ತಲೆಗೆ ಬಂದ ಮೇಲೆ ಕೂರಲಾಗದೆ, ಬೆಳಿಗ್ಗೆ ಒಬ್ಬಳೇ ಅವರ ಹಳ್ಳಿಗೆ ಹೋಗಿ ಬಂದೆ. ಗೋವಿಂದಯ್ಯ ಮುಖ ತಿರುಗಿಸಿಕೊಂಡು ಹೊರಗೆ ಹೋದ, ಅವನ ಕೋಪ ಇನ್ನೂ ಇಳಿದಿಲ್ಲ. ಚೆಲುವಮ್ಮ ಜಗಲಿಯ ಮೇಲೆ ಕೂತು ಉಪ್ಸಾರು ಮುದ್ದೆ ಉಣ್ಣುತ್ತಿದ್ದರು. ನಾನು ಯಾರೆಂದು ಕಿವಿಯ ಹತ್ತಿರ ಕೂಗಿ ಹೇಳಿದೆ. ತುತ್ತು ಕೈಯಲ್ಲೇ ನಿಲ್ಲಿಸಿ ನಿನ್ನ ಬಗ್ಗೆ ಕೇಳಿದರು, 'ಆ ಮಗ ಉಣ್ತದಾ?' ಎಂದು. ನೀನೇ ಬಂದು ಹೇಳು.